ಸಿಸ್ಟರ್ ಮೇಜಿನ ಗಾಳಿ

ನಮ್ಮ ಸಾರ್ ಹೋದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಹಾರ, ಶಾಲು, ಪೇಟ ಎಲ್ಲ ಆದ ಮೇಲೆ ಯಾರೋ ಮಾಮೂಲಿ ಪ್ರಶ್ನೆ ಕೇಳಿದರು: "ಇನ್ಮೇಲೆ ಏನ್ ಮಾಡ್ತೀರಾ ಸಾರ್?" ಸಾರ್ ಪೇಟ ತೆಗೆದು ಮೇಜಿನ ಮೇಲಿಟ್ಟು, "ಮಧ್ಯಾಹ್ನ ಹೊತ್ತು ಕಿಂಡಿ ತೆಗೀತೀನಿ" ಅಂದರು. ಎಲ್ಲರೂ ನಕ್ಕರು. ನಾನೂ ಇಮ್ರಾನನೂ ನಗಲಿಲ್ಲ. ಅದು ತಮಾಷೆಯಲ್ಲ ಎಂದು ನಮ್ಮಿಬ್ಬರಿಗೆ ಗೊತ್ತಿತ್ತು. ಯಾವ ಕಿಂಡಿ, ಯಾವ ಗೋಡೆಯದು ಎಂಬುದೂ ಗೊತ್ತಿತ್ತು. ಅದನ್ನು ಬರೆಯದೆ ಹೋದರೆ ನನಗೆ ನಿದ್ದೆ ಬರುವ ಹಾಗೆ ಕಾಣುವುದಿಲ್ಲ.

ನಿಧಾನ ಎಂಬುದು ಈ ಮನುಷ್ಯನ ಜಾಯಮಾನದಲ್ಲೇ ಇರಲಿಲ್ಲ. ಮಾತು ಪಟಪಟ, ನಡಿಗೆ ದಾಪುಗಾಲು. ಊಟಕ್ಕೆ ಕೂತರೆ ನಾವು ಅನ್ನಕ್ಕೆ ಸಾರು ಕಲಸುವಷ್ಟರಲ್ಲಿ ಅವರದು ಮಜ್ಜಿಗೆಗೆ ಬಂದಿರುತ್ತಿತ್ತು. ಸಿಗ್ನಲ್ಲಿನಲ್ಲಿ ಬೈಕ್ ನಿಲ್ಲಿಸಿ ಕೆಂಪು ದೀಪವನ್ನು ಎಂಥ ಕಣ್ಣಿನಿಂದ ನೋಡುತ್ತಿದ್ದರೆಂದರೆ, ಅದು ಹೆದರಿ ಹಸಿರಾಗಬೇಕು. ಮೆಟ್ರೋದಲ್ಲಿ ಮೆಜೆಸ್ಟಿಕ್ ಕಡೆ ಹೊರಟರೆ ರೈಲು ಸುರಂಗಕ್ಕೆ ನುಗ್ಗುವ ತುಸು ಮುಂಚೆ "ಈಗ ಕಿವಿ" ಎನ್ನುತ್ತಿದ್ದರು. ಎಲ್ಲರ ಕಿವಿಯೂ ಗಪ್ಪೆನ್ನುತ್ತಿತ್ತು. ಆಮೇಲೆ ಎದುರು ಸೀಟಿನ ಅಪರಿಚಿತರಿಗೆ, ರೈಲಿನ ಮುಂದೆ ಗಾಳಿ ಹೇಗೆ ಒತ್ತಿಕೊಳ್ಳುತ್ತದೆ ಎಂಬುದನ್ನು ಎರಡೂ ಅಂಗೈ ಜೋಡಿಸಿ ತೋರಿಸದೆ ಬಿಡುತ್ತಿರಲಿಲ್ಲ. ಅವರು ಪಾಪ ಇಳಿಯಬೇಕಾದ ಸ್ಟೇಷನ್ ಬಂದಿದೆಯೆಂದು ಹೇಳಲು ಸಂಕೋಚಪಟ್ಟುಕೊಂಡು ಕೂತಿರುತ್ತಿದ್ದರು.

ಮರ್ಫಿ ಟೌನಿನಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಜಗಳಕ್ಕೆ ಉರ್ದು, ಲೆಕ್ಕಕ್ಕೆ ಇಂಗ್ಲಿಷ್. ಚಿಕ್ಕಂದಿನಲ್ಲಿ ತಲೆಯ ಮೇಲೆ ಯುದ್ಧವಿಮಾನ ಹಾದುಹೋದರೆ ತಟ್ಟೆ ಬಿಟ್ಟು ಮಾಳಿಗೆಗೆ ಓಡುತ್ತಿದ್ದರಂತೆ. ವಿಮಾನ ಮುಂದೆ, ಸದ್ದು ಹಿಂದೆ. ಆ ನಡುವಿನ ಖಾಲಿ ಆಕಾಶ ಅವರನ್ನು ಹಿಡಿದುಬಿಟ್ಟಿತು. ಅವರ ತಾಯಿ ನೇರ ವಿರುದ್ಧ. ದಿನವೂ ಬೆಳಿಗ್ಗೆ ಬುದ್ಧನ ಪಟದ ಮುಂದೆ ಕಣ್ಣು ಮುಚ್ಚಿ ಕೂತು ತಮ್ಮ ಉಸಿರನ್ನೇ ಗಮನಿಸುವವರು. ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, "ಬರ್ತಾ ಇದೆ, ಹೋಗ್ತಾ ಇದೆ. ಅಷ್ಟೇ ನೋಡ್ತಾ ಇರು" ಎನ್ನುತ್ತಿದ್ದರಂತೆ. "ಅಷ್ಟು ನಿಧಾನದ ಗಾಳೀನ ಯಾರಮ್ಮ ನೋಡ್ತಾರೆ" ಎಂದು ಇವರು ಎದ್ದು ಹೋಗುತ್ತಿದ್ದರಂತೆ. ಇದನ್ನು ಸಾರೇ ನಮಗೆ ಬಹಳ ಸಲ ಹೇಳಿ ನಗುತ್ತಿದ್ದರು.

ನಮ್ಮ ಆಫೀಸು ಹಲಸೂರು ಕೆರೆಯಿಂದ ಇಂದಿರಾನಗರದ ಕಡೆಗೆ ಹೋಗುವ ಒಂದು ಗಲ್ಲಿಯಲ್ಲಿ, ಸೋಫಾ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ನಾನು ಕೆ.ಆರ್. ಪುರದಿಂದ ಬರುತ್ತಿದ್ದವಳು, ಇಮ್ರಾನ್ ಫ್ರೇಜರ್ ಟೌನಿನಿಂದ. ನಾವಿಬ್ಬರೂ ಸಾರ್ ಕೈಕೆಳಗೆ. ಕೆಲಸ ಏನೆಂದರೆ, ಜೆಟ್ ಇಂಜಿನ್ನಿನ ಕೊಳವೆಯಲ್ಲಿ ಶಬ್ದಕ್ಕಿಂತ ವೇಗವಾಗಿ ನುಗ್ಗುವ ಗಾಳಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಆ ವೇಗದಲ್ಲಿ ಗಾಳಿ ಸ್ಪಂಜಿನ ಹಾಗೆ ಒತ್ತಿಕೊಳ್ಳುತ್ತದೆ, ಹಿಗ್ಗುತ್ತದೆ, ಕಾಯುತ್ತದೆ. ಅದನ್ನೆಲ್ಲ ಲೆಕ್ಕ ಹಿಡಿಯುವ ಪ್ರೋಗ್ರಾಮನ್ನು ಸಾರ್ ತಮ್ಮ ಕಪ್ಪುಗೂದಲಿನ ಕಾಲದಲ್ಲಿ ಬರೆದು, ತಲೆ ನರೆಯುವವರೆಗೂ ತಿದ್ದುತ್ತಲೇ ಬಂದಿದ್ದರು. ನಾವು ಅದನ್ನು ಬರೀ 'ಕೋಡ್' ಎನ್ನುತ್ತಿದ್ದೆವು. ಅದರ ಯಾವ ಸಾಲಿನಲ್ಲಿ ಏನಿದೆ ಎಂಬುದು ಅವರಿಗೆ ಕಂಠಪಾಠ. ಯಾರಾದರೂ ಬಂದು ಕಟ್ಟಡದ ಗಾಳಿ, ಏಸಿ ಗಾಳಿ ಎಂದರೆ ಅವರ ಮೂಗು ಮೇಲೇರುತ್ತಿತ್ತು. "ಗಾಳಿ ಅಂದ್ರೆ ಓಡ್ಬೇಕು ಗುರು. ನಿಂತಿರೋ ಗಾಳೀಗೆ ಇಂಜಿನಿಯರ್ ಯಾಕೆ, ಬೀಸಣಿಗೆ ಸಾಕು."

ಅವರ ಹೆಂಡತಿ ಲಿಂಗರಾಜಪುರದವರು. ಕಂಟೋನ್ಮೆಂಟಿನ ಒಂದು ಹಳೆಯ ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಬೀದಿಗೆಲ್ಲ ಅವರು ಸಿಸ್ಟರ್, ನಮಗೂ ಸಿಸ್ಟರ್, ಸಾರ್ ಕೂಡ ಖುಷಿಯಲ್ಲಿದ್ದಾಗ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಗಂಡನ ವೇಗಕ್ಕೆಲ್ಲ ಸೊಪ್ಪು ಹಾಕುವವರಲ್ಲ. ಎಷ್ಟೇ ಗಡಿಬಿಡಿಯಿದ್ದರೂ ತಮ್ಮ ಪಾಡಿಗೆ ತಾವು, ತಮ್ಮ ನಡಿಗೆಗೆ ತಾವು.

ಒಂದು ಹುಣ್ಣಿಮೆಯ ದಿನ ಅವರ ಮನೆಯಲ್ಲಿ ಬುದ್ಧವಂದನೆ ಮುಗಿಸಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಸಿಸ್ಟರ್ ಪಾಯಸ ಬಡಿಸುತ್ತ ನಿಂತುಬಿಟ್ಟರು.

"ರೀ, ಅಷ್ಟೊಂದು ಇಂಜಿನ್ ಗಾಳಿ ಲೆಕ್ಕ ಹಾಕ್ತೀರಲ್ಲ, ನನ್ನ ವಾರ್ಡಲ್ಲಿ ನಾನು ಎಲ್ಲಿ ಕೂರ್ಬೇಕು ಅಂತ ಹೇಳಿ ನೋಡೋಣ."

ಅವರದು ಟಿಬಿ ವಾರ್ಡು. ಮೇಜು ಮೊದಲಿಂದಲೂ ಮಂಚಗಳ ನಡುವೆ ಇತ್ತು. ಅದೇ ಮೇಜಿನಲ್ಲಿ ಕೂರುತ್ತಿದ್ದ ಒಬ್ಬ ಎಳೆಯ ನರ್ಸಿಗೆ ಆ ವಾರವಷ್ಟೇ ಕಾಯಿಲೆ ತಗುಲಿ ಅವಳೇ ಮಂಚ ಹಿಡಿದಿದ್ದಳು. ಮೇಜನ್ನು ಎಲ್ಲಿಗಾದರೂ ಸರಿಸಬೇಕು, ಎಲ್ಲಿಗೆ ಎಂಬುದು ಯಾರಿಗೂ ತಿಳಿಯದು. ವರಾಂಡಕ್ಕೆ ಹಾಕಿದರೆ ರೋಗಿಗಳು ಕಣ್ಣಿಗೆ ಬೀಳುವುದಿಲ್ಲ. ಸಾರ್ ಪಾಯಸದ ಲೋಟ ಪಕ್ಕಕ್ಕಿಟ್ಟರು. ಬೀಸಣಿಗೆ ಸಾಕು ಎನ್ನುವ ಮಾತು ಅವರ ಬಾಯಿಂದ ಅವತ್ತು ಬರಲಿಲ್ಲ.

ಮಾರನೆಯ ದಿನವೇ ನಾವು ಮೂವರೂ ವಾರ್ಡಿನ ಅಳತೆ ತೆಗೆದುಕೊಂಡು ಬಂದೆವು. ಉದ್ದನೆಯ ಹಜಾರ, ಎತ್ತರದ ತಗಡಿನ ಮಾಡು. ಮೂಡಣ ಗೋಡೆಯಲ್ಲಿ ಸಾಲುಕಿಟಕಿ, ಅದರಾಚೆ ಮರಗಳ ನೆರಳು. ಪಡುವಣ ಗೋಡೆಯಲ್ಲಿ ಬಾಗಿಲು, ಆಚೆ ಬಟಾಬಯಲು. ಎರಡೂ ಗೋಡೆಗಳ ನೆತ್ತಿಯಲ್ಲಿ, ಕೈಗೆಟುಕದ ಎತ್ತರದಲ್ಲಿ ಗಾಳಿಕಿಂಡಿಗಳು. ಅವುಗಳ ಮೇಲೆ ಬಣ್ಣದ ಮೇಲೆ ಬಣ್ಣ ಬಳಿದು ಯಾವ ಕಾಲದಲ್ಲೋ ಮುಚ್ಚಿಹೋಗಿದ್ದವು. ಅಷ್ಟೂ ಅಳತೆ ಕೋಡಿನೊಳಗೆ ಇಳಿಯಿತು. ನಮ್ಮ ಕೋಡ್ ಅದನ್ನು ನೋಡಿ ಮುಷ್ಕರ ಹೂಡಿತು.

ವಾರ್ಡಿನ ಗಾಳಿ ಮುದುಕರ ನಡಿಗೆಯಷ್ಟೂ ವೇಗವಾಗಿ ಓಡುವುದಿಲ್ಲ. ಆದರೆ ನಮ್ಮ ಕೋಡಿಗೆ ಗಾಳಿಯ ಜೊತೆಗೆ ಗಾಳಿಯೊಳಗಿನ ಶಬ್ದವನ್ನೂ ಹಿಂಬಾಲಿಸುವ ಚಟ. ಅದಿಲ್ಲದೆ ಜೆಟ್ಟಿನ ಲೆಕ್ಕ ಆಗುವುದೇ ಇಲ್ಲ. ಇಲ್ಲಿ ಶಬ್ದ ವಾರ್ಡಿನ ಈ ಗೋಡೆಯಿಂದ ಆ ಗೋಡೆಗೆ ನೂರಾರು ಸಲ ಓಡಾಡಿ ಬರುವಷ್ಟರಲ್ಲಿ ಗಾಳಿ ಒಂದು ಮಂಚವನ್ನೂ ದಾಟಿರುತ್ತಿರಲಿಲ್ಲ. ಇಡೀ ದಿನ ಓಡಿಸಿದರೂ ಪರದೆಯ ಮೇಲಿನ ಗಾಳಿ ಇದ್ದಲ್ಲೇ ಇತ್ತು.

ನಮ್ಮ ಕಸುಬಿನಲ್ಲಿ ಇದಕ್ಕೊಂದು ಅಡ್ಡದಾರಿಯಿದೆ. ಕಂಪ್ಯೂಟರಿನಲ್ಲಿ ತಂಗಾಳಿಯನ್ನು ಬಿರುಗಾಳಿ ಮಾಡುವುದು, ಲೆಕ್ಕ ಮುಗಿದ ಮೇಲೆ ಉತ್ತರವನ್ನು ಅದೇ ಪ್ರಮಾಣದಲ್ಲಿ ಇಳಿಸಿಬಿಡುವುದು. ಎಷ್ಟೋ ಕಡೆ ಇದು ಸಲೀಸಾಗಿ ನಡೆಯುತ್ತದೆ. ಸಾರ್ ಹಾಗೇ ಮಾಡಿದರು. ಎರಡೇ ದಿನಕ್ಕೆ ನೀಲಿ, ಹಸಿರು, ಕೆಂಪು ಬಣ್ಣದ ಚೆಂದದ ಚಿತ್ರ ಬಂತು. ಗಾಳಿ ಮೂಡಣ ಕಿಟಕಿಗಳಿಂದ ಒಳಗೆ ಬಂದು, ಮಂಚಗಳನ್ನು ದಾಟಿ, ಪಡುವಣ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಮೇಜು ಮೂಡಣ ಗೋಡೆಯ ಪಕ್ಕ ಇದ್ದರೆ ಸದಾ ಹೊಸ ಗಾಳಿ. ಸಾರ್ ಆಫೀಸಿನಿಂದಲೇ ಹೆಂಡತಿಗೆ ಫೋನ್ ಮಾಡಿದರು. ಸಿಸ್ಟರ್ ಅವತ್ತೇ ಮೇಜನ್ನು ಮೂಡಣ ಗೋಡೆಗೆ ಎಳೆಸಿ ಹಾಕಿಸಿಕೊಂಡರು. ಗಂಡನ ಮಾತನ್ನು ಅಷ್ಟು ಬೇಗ ಕೇಳಿದ್ದು ಅದೇ ಮೊದಲು ಎಂದು ಸಾರ್ ಎಲ್ಲರಿಗೂ ಹೇಳಿಕೊಂಡು ಓಡಾಡಿದರು.

ಬಿಸಿಲು ಏರುವ ಹೊತ್ತಿಗೆ ರಂಜಾನ್ ಬಂತು. ಒಂದು ಸಂಜೆ ಇಮ್ರಾನ್ ನಮ್ಮನ್ನು ಮಸೀದಿ ರಸ್ತೆಗೆ ಕರೆದುಕೊಂಡು ಹೋದ. ಎಲೆ ಅಲುಗದ ಸೆಕೆ. ಕಬಾಬಿನ ಕೆಂಡದಿಂದ ಹೊಗೆ ನೆಟ್ಟಗೆ ಮೇಲೆದ್ದು, ಅಂಗಡಿಯ ತಗಡಿನ ಚಪ್ಪರಕ್ಕೆ ತಾಗಿ, ಅದರಡಿಯಲ್ಲೇ ಒಳಗೆ ಹರಿದು, ಹಿಂದಿನ ಗೋಡೆಗುಂಟ ಕೆಳಗಿಳಿದು, ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಂಗಡಿಯ ಹಿರಿಯರ ಮುಖದ ಮೇಲೆ ಬರುತ್ತಿತ್ತು. ಅವರು ಟವೆಲ್ಲಿನಿಂದ ಓಡಿಸುತ್ತಿದ್ದರು, ಅದು ಮತ್ತೆ ಬರುತ್ತಿತ್ತು. ಸಾರ್ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದರು.

"ಕ್ಯಾ ಸಾಬ್, ಏನ್ ನೋಡ್ತಾ ಇದೀರಾ? ಗರಂ ಇದೆ, ತಿನ್ನಿ" ಅಂದ ಕಬಾಬಿನವನು.

ಸಾರ್ ನನ್ನ ಕಡೆ ತಿರುಗಿದರು. "ಗುರು, ಬಿಸಿ. ಬಿಸೀನೇ ಬಿಟ್ಬಿಟ್ಟೆ ನಾನು."

ತಟ್ಟೆಯನ್ನು ನನ್ನ ಕೈಗಿಟ್ಟು ಬೈಕ್ ಹತ್ತಿ ಹೋಗಿಯೇಬಿಟ್ಟರು. ನಮಗೆ ತಿಳಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಮಧ್ಯಾಹ್ನದ ಬಿಸಿಲಿಗೆ ವಾರ್ಡಿನ ಪಡುವಣ ಗೋಡೆ ಕಾದು ಕೆಂಡವಾಗುತ್ತದೆ. ಅದರ ಪಕ್ಕದ ಗಾಳಿ ಕಾದು ಮೇಲೇಳಬೇಕು. ಆದರೆ ನಾವು ಕಂಪ್ಯೂಟರಿನಲ್ಲಿ ಬೀಸಿದ್ದು ಬಿರುಗಾಳಿ. ಬಿರುಗಾಳಿಯಲ್ಲಿ ಬಿಸಿಗಾಳಿಗೆ ಮೇಲೇಳಲು ಪುರುಸೊತ್ತೇ ಸಿಗುವುದಿಲ್ಲ. ಉತ್ತರವನ್ನು ಎಷ್ಟೇ ಇಳಿಸಿದರೂ ಇಲ್ಲದ ಬಿಸಿ ಅದರೊಳಗೆ ಬಂದು ಸೇರುವುದಿಲ್ಲ. ನಿಜವಾದ ವಾರ್ಡಿನಲ್ಲಿ ತಂಗಾಳಿ ನೆಂಟ, ಬಿಸಿಯೇ ಮನೆಯ ಯಜಮಾನ. ಮಂಚಗಳ ಮೇಲಿನ ಗಾಳಿ ಈ ಹೊಗೆಯ ಹಾಗೆಯೇ ಮಾಡಿಗೆ ಏರಿ, ಮಾಡಿನಡಿ ಹರಿದು, ತಣ್ಣಗಿರುವ ಮೂಡಣ ಗೋಡೆಗುಂಟ ಇಳಿಯುತ್ತಿದ್ದರೆ, ಅದು ಬಂದು ಬೀಳುವುದು ಸಿಸ್ಟರ್ ಮುಖಕ್ಕೆ. ಆ ಜಾಗದಲ್ಲಿ ಅವರನ್ನು ಕೂರಿಸಿದ್ದು ಸಾರ್.

ಬೆಳಿಗ್ಗೆ ಸಾರ್ ಸಿಸ್ಟರ್ ದನಿಯಲ್ಲೇ ನಮಗೆ ವರದಿ ಒಪ್ಪಿಸಿದರು. "ಅಲ್ಲಿ ಕೂರ್ಬೇಡ ಅಂದೆ. ಮತ್ತೆ ಎಲ್ಲಿ ಕೂರ್ಲಿ ಅಂದ್ಲು. ಗೊತ್ತಿಲ್ಲ ಅಂದೆ. ಗೊತ್ತಾದಾಗ ಹೇಳಿ, ನಿಮಗೆ ಗೊತ್ತಿಲ್ಲ ಅಂತ ನಾನು ದಿನಾ ಮೇಜು ಎಳೀತಾ ಇರೋಕಾಗಲ್ಲ ಅಂದ್ಲು." ಹೇಳುತ್ತ ನಗಲು ನೋಡಿದರು, ಆಗಲಿಲ್ಲ. ಅಗರಬತ್ತಿ ಹಚ್ಚಿ ಹೊಗೆ ಎತ್ತ ಹೋಗುತ್ತದೆ ನೋಡೋಣವೆಂದರೆ ಅದೂ ಇಲ್ಲ. ಉಸಿರಿಗೇ ಕಷ್ಟಪಡುವವರ ವಾರ್ಡಿನಲ್ಲಿ ಹೊಗೆ ಕೂಡದು ಎನ್ನುವುದು ಸಿಸ್ಟರ್ ಕಾನೂನು.

"ಸಾರ್, ನಿಧಾನದ ಗಾಳೀಗೇ ಅಂತ ಬೇರೆ ಸಾಫ್ಟ್‌ವೇರ್ ರೆಡಿ ಸಿಗತ್ತಲ್ಲ, ಅದನ್ನೇ ತಗೊಳ್ಳೋಣ" ಅಂದ ಇಮ್ರಾನ್. ತಪ್ಪು ಮಾತೇನಲ್ಲ.

"ಅದರೊಳಗೆ ಯಾರು ಏನ್ ಬರೆದಿದಾರೋ ನಂಗೊತ್ತಿಲ್ಲ. ನನ್ನ ಕೋಡ್ ನಂಗೊತ್ತಿದ್ದೂ ಒಂದ್ಸಲ ಮೋಸ ಹೋದೆ. ಹೆಂಡ್ತಿ ಕೂರೋ ಜಾಗ ಗುರು. ಒಳಗೇನಿದೆ ಅಂತ ಗೊತ್ತಿಲ್ಲದ್ದನ್ನ ಕೇಳ್ಕೊಂಡು ಹೇಳಲಾ?"

ಆಮೇಲಿನ ವಾರಗಳನ್ನು ನೆನೆದರೆ ನನಗೆ ಈಗಲೂ ಮೈಯಲ್ಲಿ ಕರೆಂಟು ಹರಿಯುತ್ತದೆ. ಆ ಆಫೀಸಿನಲ್ಲಿ ಅಷ್ಟು ವರ್ಷ ಕೂತವರು ನಾವು, ಕೆಲಸ ಎಂದರೆ ಏನೆಂದು ಕಂಡದ್ದು ಆ ವಾರಗಳಲ್ಲಿ. ಶಬ್ದಕ್ಕಿಂತ ವೇಗದ ಗಾಳಿಗೆಂದು ಬರೆದ ಕೋಡಿಗೆ ಉಸಿರಿನಷ್ಟು ನಿಧಾನದ ಗಾಳಿಯನ್ನು ಹಿಡಿಯಲು ಕಲಿಸಬೇಕಿತ್ತು. ಬೇರೆ ಊರುಗಳಲ್ಲಿ ಬಲ್ಲವರು ಇದನ್ನು ಮಾಡಿದ್ದರು, ದಾರಿ ಇತ್ತು. ಆದರೆ ನಮ್ಮ ಕೋಡಿನ ಸಂದುಗೊಂದಿಗಳಲ್ಲಿ ಆ ದಾರಿಯನ್ನು ನಾವೇ ಕಡಿದುಕೊಳ್ಳಬೇಕಿತ್ತು.

ಸಾರ್ ಅದನ್ನು ನಮಗೆ ವಿವರಿಸಿದ ಬಗೆ ಇದು: "ನಾನೂ ಸಿಸ್ಟರೂ ಕಮರ್ಷಿಯಲ್ ಸ್ಟ್ರೀಟ್‌ಗೆ ಹೋಗ್ತೀವಿ ಅಂದ್ಕೊಳ್ಳಿ. ಅವಳು ಒಂದೊಂದು ಅಂಗಡಿ ಮುಂದೇನೂ ನಿಲ್ತಾಳೆ. ನಾನು ಬೀದಿ ಕೊನೆವರೆಗೂ ಹೋಗಿ ವಾಪಸ್ ಬರ್ತೀನಿ, ಮತ್ತೆ ಹೋಗ್ತೀನಿ, ಮತ್ತೆ ಬರ್ತೀನಿ. ಅವಳು ಗಾಳಿ, ನಾನು ಶಬ್ದ. ಕೋಡ್ ಪಾಪ ನನ್ನ ಒಂದೊಂದು ಹೆಜ್ಜೇನೂ ಲೆಕ್ಕ ಇಡತ್ತೆ. ಅವಳು ಎರಡನೇ ಅಂಗಡಿಗೆ ಬರೋಷ್ಟರಲ್ಲಿ ಕೋಡ್‌ಗೆ ವಯಸ್ಸಾಗ್ಹೋಗತ್ತೆ."

"ಅದಕ್ಕೆ?"

"ಕಂಪ್ಯೂಟರ್ ಒಳಗೆ ನನ್ನ ಕಾಲು ಕಟ್ಟಿಹಾಕು. ಶಬ್ದಾನೂ ಗಾಳಿ ಜೊತೇಲೇ ನಡೀಲಿ."

"ಸಾರ್, ಶಬ್ದ ಅಷ್ಟು ನಿಧಾನ ಹೋಗಲ್ವಲ್ಲ. ಲೆಕ್ಕ ಸುಳ್ಳಾಗಲ್ವಾ?" ಎಂದೆ ನಾನು.

"ದಾರೀಲಿ ಸುಳ್ಳು, ಮನೆ ಸೇರಿದ್ಮೇಲೆ ನಿಜ. ನಮಗೆ ಬೇಕಿರೋದು ಗಲಾಟೆ ಎಲ್ಲಾ ಅಡಗಿದ ಮೇಲೆ ಗಾಳಿ ಯಾವ ಕಡೆ ಹರೀತಾ ಇರತ್ತೆ ಅನ್ನೋದು. ಅಲ್ಲೀವರೆಗೂ ಹೇಗೆ ನಡ್ಕೊಂಡು ಬಂದ್ವಿ ಅಂತ ಯಾರ್ ಕೇಳ್ತಾರೆ?"

ಈ ಮಾತಾಡುತ್ತಿದ್ದದ್ದು ಆಫೀಸಿನ ಕೆಳಗೆ, ಟೀ ಕುಡಿಯುತ್ತ. ಅಲ್ಲೊಂದು ವ್ಯಾನು ನಿಂತಿತ್ತು, ಹಿಂದಿನ ಗಾಜಿನ ತುಂಬ ಧೂಳು. ಸಾರ್ ಬೆರಳಿನಿಂದ ಆ ಧೂಳಿನಲ್ಲೇ ಸಮೀಕರಣ ಬರೆಯತೊಡಗಿದರು. ಶಬ್ದದ ಕಾಲು ಕಟ್ಟುವ ಇಡೀ ಗುಣಾಕಾರ, ಸಾಲಿನ ಕೆಳಗೆ ಸಾಲು, ಗಾಜು ತುಂಬಿತು. ಕೊನೆಯ ಪದ ಬರೆಯುತ್ತಿದ್ದ ಹಾಗೆ ಡ್ರೈವರ್ ಬಂದು ಗಾಡಿ ತೆಗೆದ. ಸಾರ್ ಬೆರಳು ಗಾಳಿಯಲ್ಲಿ ನಿಂತಿತು. ಇಮ್ರಾನ್ ಟೀ ಲೋಟ ಬಿಸಾಕಿ ಓಡಿದ. ಹಲಸೂರಿನ ಸಿಗ್ನಲ್ಲಿನಲ್ಲಿ ವ್ಯಾನು ನಿಂತಾಗ ಹಿಡಿದು, ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, ಏದುಸಿರು ಬಿಡುತ್ತ ಹಿಂದಿರುಗಿದ. ಡ್ರೈವರ್ ತನ್ನ ಗಾಡಿಯ ಮೇಲೆ ಕೇಸು ಬಿತ್ತೆಂದು ಹೆದರಿದ್ದನಂತೆ. ನಮ್ಮ ಕೋಡಿನ ಆ ಭಾಗಕ್ಕೆ ಇವತ್ತಿಗೂ 'ವ್ಯಾನ್' ಎಂದೇ ಹೆಸರು.

ಶಬ್ದದ ಕಾಲು ಕಟ್ಟಿದರೆ ಸಾಕೆಂದು ತಿಳಿದಿದ್ದೆವು. ಸಾಲಲಿಲ್ಲ. ವೇಗದ ಗಾಳಿಯ ಲೆಕ್ಕ ಕುಣಿದಾಡದಂತೆ ಕೋಡಿನಲ್ಲಿ ಮೊದಲೇ ಒಂದಿಷ್ಟು ಅಂಟು ಬೆರೆಸಿರುತ್ತಾರೆ, ಅದು ಶಬ್ದದ ವೇಗಕ್ಕೆ ತಕ್ಕಷ್ಟು. ನಿಧಾನದ ಗಾಳಿಗೂ ಅದೇ ಅಂಟು ಬಿದ್ದು ಪರದೆಯ ಮೇಲೆ ಗಾಳಿ ಬೆಲ್ಲದ ಪಾಕದ ಹಾಗೆ ತೆವಳುತ್ತಿತ್ತು. ಸಾರ್ ಅದನ್ನು ಕರಗಿಸಿದರು. ಆಮೇಲೆ ಒತ್ತಡದ ಫಜೀತಿ. ಗಾಳಿಯನ್ನು ಇತ್ತಿಂದತ್ತ ತಳ್ಳುವ ಒತ್ತಡ ಇಷ್ಟೇ ಇಷ್ಟು, ಸುತ್ತಲಿನ ವಾತಾವರಣದ ಒತ್ತಡ ಬೆಟ್ಟದಷ್ಟು. ಆನೆಯನ್ನು ತೂಗಿ ಅದರ ಮೇಲೆ ಕೂತ ನೊಣದ ಭಾರ ಹುಡುಕುತ್ತಿದ್ದೆವು. "ಆನೇನ ಆಚೆ ಕಳಿಸು, ನೊಣಾನ ಮಾತ್ರ ತೂಗು" ಅಂದರು. ಅದೂ ಆಯಿತು. ಕೊನೆಗೆ ಔಷಧಿ ಕಪಾಟಿನ ಹಿಂದಿನ ಮೂಲೆ. ಅಲ್ಲಿ ಗಾಳಿ ಪೂರ್ತಿ ನಿಂತಿತ್ತು. ಶಬ್ದವನ್ನು ಗಾಳಿಯ ಜೊತೆ ನಡೆಸುತ್ತೇವೆಂದರೆ, ನಿಂತ ಗಾಳಿಯ ಜೊತೆ ಶಬ್ದವೂ ನಿಂತು, ಸೊನ್ನೆಯಿಂದ ಭಾಗಿಸುವ ಗತಿ ಬಂದು, ಕೋಡ್ ಪಟಾಕಿಯ ಹಾಗೆ ಸಿಡಿಯುತ್ತಿತ್ತು. ಸಿಡಿದಾಗಲೆಲ್ಲ ಸಾರ್ ಕುರ್ಚಿಯಿಂದ ಎದ್ದು, "ಎಲ್ಲಿ ಸತ್ತ ಅಂತ ಹೇಳಿಯೇ ಸಾಯ್ತಾನೆ ನೋಡು, ಎಂಥ ಒಳ್ಳೆಯವನು" ಎಂದು ಕೈ ಉಜ್ಜಿಕೊಳ್ಳುತ್ತಿದ್ದರು. ತಪ್ಪು ಕಂಡರೆ ಅಷ್ಟು ಸಂತೋಷಪಡುವ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ. ನಿಂತ ಗಾಳಿಯೂ ತುಸು ನಡೆಯುತ್ತಿದೆ ಎಂದು ಕೋಡಿಗೆ ಹೇಳಿ ಆ ಮೂಲೆಯನ್ನೂ ಸಮಾಧಾನ ಮಾಡಿದರು.

ಇಷ್ಟರ ನಡುವೆ ಹೊತ್ತು ಹೊತ್ತಿಗೆ ಸಿಸ್ಟರ್‌ಗೆ ಫೋನು. ಹಲೋ ಇಲ್ಲ, ಏನಿಲ್ಲ. "ಕೆಮ್ಮು ಇದೆಯಾ?" ಒಂದು ಭಾನುವಾರ ಆ ಕಡೆಯಿಂದ ಜೋರು ಕೆಮ್ಮು ಕೇಳಿ ಸಾರ್ ಮುಖ ಸುಣ್ಣವಾಯಿತು. ಫೋನಿನಿಂದ ಸಿಸ್ಟರ್ ದನಿ ನಮಗೂ ಕೇಳಿಸಿತು: "ಮೆಣಸಿನಕಾಯಿ ಹುರೀತಿದೀನಿ ಕಣ್ರೀ, ಇಡಿ ಫೋನ್."

ಒಂದು ಬೆಳಿಗ್ಗೆ ನಾನು ಆಫೀಸಿಗೆ ಬಂದಾಗ ಸಾರ್ ಪರದೆಯ ಮುಂದೆ ಕೈಕಟ್ಟಿ ನಿಂತಿದ್ದರು. ಗಾಳಿ ಹರಿಯುತ್ತಿತ್ತು. ನಿಧಾನವಾಗಿ, ಸುಖವಾಗಿ, ಎಲ್ಲೂ ತೆವಳದೆ, ಎಲ್ಲೂ ಸಿಡಿಯದೆ. ಹಿಂದಿನ ಕೋಡ್ ದಿನಗಟ್ಟಲೆ ಒದ್ದಾಡಿಯೂ ಮುಟ್ಟದಿದ್ದ ಕಡೆಗೆ ಹೊಸದು ಕಾಫಿ ಕುಡಿದು ಬರುವಷ್ಟರಲ್ಲಿ ಮುಟ್ಟಿತ್ತು. ನಾನೂ ಇಮ್ರಾನನೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದೆವು. ಕೆಳಗಿನ ಸೋಫಾ ಅಂಗಡಿಯವರು ಮೇಲೆ ಬಂದು ಏನಾಯಿತೆಂದು ಕೇಳಿದರು. ಸಾರ್ ಮೂರು ಕಾಫಿ ತರಿಸಿ ಯೋಚನೆಯಲ್ಲಿ ಮೂರನ್ನೂ ತಾವೇ ಕುಡಿದರು. ಚಿತ್ರದಲ್ಲಿ ಗಾಳಿ ಪಡುವಣ ಗೋಡೆಗುಂಟ ಏರಿ, ಮಂಚಗಳ ಮೇಲಿನದ್ದನ್ನೆಲ್ಲ ಬಳಿದುಕೊಂಡು, ಮಾಡಿನಡಿ ಹರಿದು, ಮೂಡಣ ಗೋಡೆಯಲ್ಲಿ ಇಳಿದು, ಸಿಸ್ಟರ್ ಮೇಜಿನ ಮೇಲೆ ಸುರುಳಿ ಸುತ್ತಿ ನಿಲ್ಲುತ್ತಿತ್ತು.

"ನನ್ನ ಲೆಕ್ಕ ತಪ್ಪಾಗಿರ್ಲಿ ಅಂತ ಜೀವನದಲ್ಲಿ ಮೊದಲನೇ ಸಲ ಅನ್ನಿಸ್ತಾ ಇದೆ" ಅಂದರು.

ಆ ದಿನವೆಲ್ಲ ಕೂತು ಮೇಜನ್ನು ಕಂಪ್ಯೂಟರಿನಲ್ಲಿ ಇಡೀ ವಾರ್ಡು ಸುತ್ತಾಡಿಸಿದೆವು. ಎಲ್ಲಿಟ್ಟರೂ ಅಷ್ಟಕ್ಕಷ್ಟೆ. ಆಮೇಲೆ ಸಾರ್ ನೆತ್ತಿಯ ಗಾಳಿಕಿಂಡಿಗಳನ್ನು ತೆರೆದು ನೋಡಿದರು. ಎಲ್ಲವನ್ನೂ ತೆರೆದರೆ ಮೂಡಣ ಕಿಂಡಿಗಳಿಂದ ಬಂದ ಗಾಳಿ ಮಾಡಿನಡಿಯ ಕೊಳಕನ್ನು ಮತ್ತೆ ಕೆಳಕ್ಕೆ ನೂಕುತ್ತಿತ್ತು. ಪಡುವಣದವನ್ನು ಮಾತ್ರ ತೆರೆದರೆ ಬಿಸಿಗಾಳಿ ಏರಿದ್ದು ಏರಿದ ಹಾಗೆಯೇ ಹೊರಗೆ. ಅದು ಹೋದ ಜಾಗಕ್ಕೆ ಮೂಡಣ ಕಿಟಕಿಗಳಿಂದ ಮರದಡಿಯ ತಂಪು ಗಾಳಿ ಒಳಗೆ. ಮೇಜು ಇದ್ದಲ್ಲೇ ಇರಬಹುದಿತ್ತು. ಇದನ್ನು ಕೇಳಿದ ಸಿಸ್ಟರ್, "ಮೊದಲನೇ ಸಲ ನಿಮ್ಮ ಮಾತು ನಂಬಿದೆ. ಈ ಸಲ ಕಣ್ಣಾರೆ ನೋಡ್ಬೇಕು" ಅಂದರಂತೆ. ಪುಣ್ಯಕ್ಕೆ ಆ ವಾರ ವಾರ್ಡಿಗೆ ಸುಣ್ಣ ಬಳಿಯುವುದಿತ್ತು. ರೋಗಿಗಳನ್ನು ಪಕ್ಕದ ಕಟ್ಟಡಕ್ಕೆ ಸಾಗಿಸಿದ್ದರು. ಬಣ್ಣದವರು ಏಣಿ ಹಾಕಿ ಪಡುವಣ ಕಿಂಡಿಗಳನ್ನು ಕೆತ್ತಿ ಬಿಡಿಸಿ, ಕೆಳಗಿಂದಲೇ ಕೋಲಿನಿಂದ ತೆಗೆಯುವ ಹಾಗೆ ಮಾಡಿಕೊಟ್ಟರು.

ಮಧ್ಯಾಹ್ನ ನಾವು ನಾಲ್ವರೂ ಖಾಲಿ ವಾರ್ಡಿನಲ್ಲಿ ಸೇರಿದೆವು. ಪಡುವಣ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಕಿಂಡಿಗಳು ಇನ್ನೂ ಮುಚ್ಚಿದ್ದವು. ಸಾರ್ ತಮ್ಮ ತಾಯಿಯ ವಂದನೆಯ ಅಗರಬತ್ತಿಗಳನ್ನು ಕಟ್ಟುಗಟ್ಟಲೆ ತಂದಿದ್ದರು. ಮಂಚಗಳ ನಡುವೆ ಅವನ್ನು ಹಚ್ಚಿಟ್ಟೆವು. ಸಿಸ್ಟರ್ ತಮ್ಮ ಕುರ್ಚಿಯಲ್ಲಿ ಕೂತು ಕೈ ಮಡಚಿಕೊಂಡರು. ಹೊಗೆ ಪಡುವಣಕ್ಕೆ ವಾಲಿತು, ಏರಿತು, ಮಾಡಿಗೆ ತಾಗಿತು, ಮಾಡಿನಡಿ ನಮ್ಮ ತಲೆಯ ಮೇಲಿಂದ ಮೂಡಣಕ್ಕೆ ಹೊರಟಿತು. ಪರದೆಯ ಮೇಲೆ ಕಂಡದ್ದೇ. ಗೆರೆ ಕೊರೆದಂತೆ ಅದೇ ದಾರಿ. ನನಗೆ ಕೂಗಬೇಕೆನ್ನಿಸಿತು. ಮೂಡಣ ಗೋಡೆಗುಂಟ ಅದು ಸದ್ದಿಲ್ಲದೆ ಇಳಿದು ಸಿಸ್ಟರ್ ಹೆಗಲ ಮೇಲೆ ಕೂತು, ಮುಖವನ್ನು ಸುತ್ತಿಕೊಂಡಿತು. ಅವರು ಕೆಮ್ಮಿದರು.

ಲೆಕ್ಕ ಸರಿಯಾಗಿತ್ತು. ಸರಿಯಾಗಿತ್ತು ಎಂದೇ ಸಾರ್ ಒಂದು ಖಾಲಿ ಮಂಚದ ಅಂಚಿಗೆ ಕೂತುಬಿಟ್ಟರು. ಅಷ್ಟು ದಿನ ಹೆಂಡತಿ ಏನನ್ನು ಉಸಿರಾಡುತ್ತಿದ್ದಳು ಎಂಬುದನ್ನು ಅವರು ಕಣ್ಣಾರೆ ನೋಡುತ್ತಿದ್ದರು. ನನಗೆ ಅವರ ಕಡೆ ನೋಡಲಾಗಲಿಲ್ಲ. ಆ ಕ್ಷಣದಲ್ಲಿ ನಾನು ಅವರನ್ನು ಎಷ್ಟು ಪ್ರೀತಿಸಿದೆನೆಂದರೆ, ನನ್ನ ಸ್ವಂತ ಮನೆಯವರನ್ನೂ ಹಾಗೆ ಪ್ರೀತಿಸಿದ ನೆನಪಿಲ್ಲ.

ಸಿಸ್ಟರ್ ಎದ್ದು ಬಂದು ಗಂಡನ ಕೈಗೆ ಕೋಲು ಕೊಟ್ಟರು. "ಕೂತ್ರೆ ಆಗತ್ತಾ? ತೆಗೀರಿ."

ಸಾರ್ ಎದ್ದರು. ಪಡುವಣ ಕಿಂಡಿಗಳು ಒಂದೊಂದಾಗಿ ತೆರೆದುಕೊಂಡವು. ಮೊದಲು ಏನೂ ಆಗಲಿಲ್ಲ. ಆಮೇಲೆ ಮಾಡಿನಡಿ ಹರಡಿದ್ದ ಹೊಗೆ ಅರೆಗಳಿಗೆ ತಡವರಿಸಿ, ಹಿಂದಕ್ಕೆ ತಿರುಗಿ, ಕಿಂಡಿಗಳ ಕಡೆ ಜಾರತೊಡಗಿತು. ಒಂದು ಕಿಂಡಿಯಿಂದ ಬಿಳಿಯ ಎಳೆಯೊಂದು ಬಿಸಿಲಿಗೆ ಹೋಯಿತು, ಹಿಂದೆ ಇನ್ನೊಂದು, ಆಮೇಲೆ ಎಲ್ಲವೂ. ಮೂಡಣ ಕಿಟಕಿಗಳಿಂದ ತಂಪು ಗಾಳಿ ಬಂದು ಮೇಜಿನ ಮೇಲಿದ್ದ ಬಟ್ಟೆಯ ಅಂಚನ್ನು ಎತ್ತಿತು. ಸಿಸ್ಟರ್ ಹೋಗಿ ಕುರ್ಚಿಯಲ್ಲಿ ಕೂತು, ಮಾಸ್ಕ್ ಕೆಳಗೆಳೆದು, ಎದೆ ತುಂಬ ಉಸಿರೆಳೆದುಕೊಂಡರು.

"ಇನ್ಮೇಲೂ ನಿಮ್ಮ ಮಾತು ಕೇಳ್ತೀನಿ" ಅಂದರು. "ಆದ್ರೆ ಮೊದಲು ಅಗರಬತ್ತಿ ಹಚ್ಚಿ ತೋರಿಸ್ಬೇಕು."

ಅವರ ಎಕ್ಸ್‌ರೇ, ಕಫದ ಪರೀಕ್ಷೆ ಎಲ್ಲ ಆಯಿತು. ಏನೂ ಇರಲಿಲ್ಲ. ಆಮೇಲಿನ ವರ್ಷಗಳಲ್ಲೂ ಏನೂ ಬರಲಿಲ್ಲ. ಆ ಎಳೆಯ ನರ್ಸ್ ಗುಣವಾಗಿ ಬಂದು ಅದೇ ಮೇಜಿನಲ್ಲಿ ಕೂತಳು. ಕೋಡ್ ಈಗ ಎಷ್ಟೋ ವಾರ್ಡು, ಎಷ್ಟೋ ಶಾಲೆಗಳ ಗಾಳಿಯನ್ನು ಲೆಕ್ಕ ಹಾಕಿದೆ. ಜೆಟ್ಟಿನ ಕೆಲಸವೂ ನಡೆದಿದೆ. 'ವ್ಯಾನ್' ಭಾಗವನ್ನು ಇಮ್ರಾನ್ ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಮೊನ್ನೆ ಮಧ್ಯಾಹ್ನ ನಾನು ಶಿವಾಜಿನಗರದ ಕಡೆ ಹೋಗಿದ್ದವಳು ಮನಸ್ಸು ತಡೆಯದೆ ಆಸ್ಪತ್ರೆಗೆ ಹೋದೆ. ಮಾಸ್ಕ್ ಹಾಕಿಕೊಂಡು ವಾರ್ಡಿನ ಬಾಗಿಲಲ್ಲಿ ನಿಂತೆ. ಸಿಸ್ಟರ್‌ಗೆ ಇನ್ನೂ ಕೆಲವು ವರ್ಷ ಸರ್ವೀಸಿದೆ. ಅವರು ಮೂಡಣ ಗೋಡೆಯ ಪಕ್ಕ ಮೇಜಿನಲ್ಲಿ ತಲೆ ಬಗ್ಗಿಸಿ ಮಾತ್ರೆ ಎಣಿಸುತ್ತಿದ್ದರು. ಪಡುವಣ ಗೋಡೆಯ ಹತ್ತಿರ ಸಾರ್, ಅವರೂ ಮಾಸ್ಕ್ ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು, ಮಡಿಲಲ್ಲಿ ಕೋಲು. ಒಂದೊಂದು ಕಿಂಡಿಯ ಸರಳಿಗೂ ಸಿಸ್ಟರ್ ಹೆಣಿಗೆಯ ಕೆಂಪು ಉಣ್ಣೆಯ ದಾರ ಕಟ್ಟಿದ್ದರು. ದಾರಗಳೆಲ್ಲ ಹೊರಗಡೆಗೆ ವಾಲಿ ಸಣ್ಣಗೆ ಅಲುಗುತ್ತಿದ್ದವು. ಸಿಗ್ನಲ್ಲಿನಲ್ಲಿ ಒಂದು ನಿಮಿಷ ನಿಲ್ಲಲಾರದ ಮನುಷ್ಯ, ಕತ್ತು ಮೇಲೆತ್ತಿ ಅವನ್ನೇ ನೋಡುತ್ತ ಕೂತಿದ್ದರು. ನಾನು ಎಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದರೂ ಅವರಿಗೆ ನಾನು ಕಾಣಲಿಲ್ಲ.

ಸಿಸ್ಟರ್ ತಲೆ ಎತ್ತದೆ ಕೇಳಿದರು: "ಏನ್ರೀ, ಹೇಗಿದೆ?"

"ಬರ್ತಾ ಇದೆ, ಹೋಗ್ತಾ ಇದೆ" ಅಂದರು ಸಾರ್.